ಎರಡು ಹಳೇ ಗಡಿಯಾರ

ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಯಲ್ಲಿ ಆ ಹಳದಿ ಬೆನ್ನು ಕಂಡಿದ್ದೇ ತಡ, ಕೈ ತಾನಾಗಿ ಅತ್ತ ಹೋಯಿತು. ನ್ಯಾನ್ಸಿ ಡ್ರೂ ಅನ್ನೋ ಪತ್ತೇದಾರಿ ಹುಡುಗಿಯ ಕಥೆಗಳ ಸರಣಿಯ ಮೊದಲನೇ ಪುಸ್ತಕ, 'ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್'. ದಾವಣಗೆರೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ದಿನಕ್ಕೊಂದು ರೂಪಾಯಿ ಬಾಡಿಗೆ ಕೊಟ್ಟು ತಂದು ಓದಿದ್ದೆ. ನ್ಯಾನ್ಸಿ ಓಡಿಸುವ ಕನ್ವರ್ಟಿಬಲ್ ಅಂದರೆ ಚಾವಣಿ ಮಡಚುವ ಕಾರು ಅಂತ ಅಪ್ಪನಿಗೂ ಗೊತ್ತಿರಲಿಲ್ಲ. ಆದರೂ ಎರಡೇ ದಿನಕ್ಕೆ ಮುಗಿಸಿದ್ದೆ.

ಮನೆಯಲ್ಲಿ ಇದರದ್ದೇ ಇನ್ನೊಂದು ಪ್ರತಿ ಇತ್ತು. ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳು ತಂದುಕೊಟ್ಟಿದ್ದು, 1930ರಲ್ಲಿ ಮೊದಲು ಬಂದ ರೂಪದ ಮರುಮುದ್ರಣ. ನಾನು ಚಿಕ್ಕವಳಿದ್ದಾಗ ಓದಿದ್ದು, ಈಗ ಅಂಗಡಿಯಿಂದ ತಂದದ್ದು, 1959ರಲ್ಲಿ ತಿದ್ದಿ ಬರೆದದ್ದು. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತೆ.

ಮೊದಲ ಪುಟದಲ್ಲೇ ವ್ಯತ್ಯಾಸ. ನನ್ನ ಪುಸ್ತಕದಲ್ಲಿ ಹದಿನೆಂಟರ ನ್ಯಾನ್ಸಿ ಕಾರಲ್ಲಿ ಬರುತ್ತಾಳೆ, ಅಪಾಯಕ್ಕೆ ಸಿಕ್ಕ ಪುಟ್ಟ ಹುಡುಗಿಯೊಬ್ಬಳ ನೆರವಿಗೆ ಓಡುತ್ತಾಳೆ. ಹಳೇದರಲ್ಲಿ ಅವಳಿಗೆ ಹದಿನಾರು. ಕಥೆ ಶುರುವಾಗೋದೇ ಅವಳ ಸಿಟ್ಟಿನಿಂದ. ಸತ್ತ ಮುದುಕನ ಹಣವೆಲ್ಲ ಜಂಬದ ಟಾಪ್‌ಹ್ಯಾಮ್ ಮನೆಯವರ ಪಾಲಾಗುತ್ತಲ್ಲ, ಇದು ಅನ್ಯಾಯ ಅಲ್ವಾ ಅಂತ ಅಪ್ಪನ ಹತ್ತಿರ ವಾದಕ್ಕೆ ನಿಲ್ಲುತ್ತಾಳೆ. ಅಪ್ಪ ವಕೀಲರು. ಆ ಸಿಟ್ಟು ನನಗೆ ಬಹಳ ಹಿಡಿಸಿತು. ಇಪ್ಪತ್ತೈದು ಅಧ್ಯಾಯವನ್ನು ಇಪ್ಪತ್ತಕ್ಕೆ ಇಳಿಸುವಾಗ ಅವಳ ಖಾರವನ್ನೂ ಸ್ವಲ್ಪ ತೆಗೆದುಬಿಟ್ಟಿದ್ದಾರೆ. ತೆಗೆಯಬಾರದಿತ್ತು.

ಎರಡರಲ್ಲೂ ನಾನು ಕಾಯುತ್ತಿದ್ದ ಜಾಗ ಒಂದೇ. ಕೆರೆ ದಡದ ಮನೆಯಲ್ಲಿ ಕಳ್ಳರು ನ್ಯಾನ್ಸಿಯನ್ನು ಬಟ್ಟೆ ಇಡುವ ಕೋಣೆಗೆ ತಳ್ಳಿ ಬೀಗ ಹಾಕಿ ಹೋಗುತ್ತಾರೆ. ಸುತ್ತ ಯಾರೂ ಇಲ್ಲ. ಮೊದಲು ಕೂಗುತ್ತಾಳೆ, ಬಾಗಿಲು ಬಡಿಯುತ್ತಾಳೆ. ಆಮೇಲೆ ಕತ್ತಲಲ್ಲಿ ತಡಕಾಡಿ ಬಟ್ಟೆ ತೂಗುಹಾಕುವ ಕೋಲು ಕಿತ್ತು, ಅದನ್ನೇ ಸನ್ನೆಗೋಲು ಮಾಡಿಕೊಂಡು ಬಾಗಿಲು ಮೀಟುತ್ತಾಳೆ.

ಇದನ್ನು ಓದಿದ ವರ್ಷದ ಬೇಸಿಗೆ ರಜೆ. ಅಜ್ಜಿ ಮನೆಯಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ನಾನು ಉಗ್ರಾಣದಲ್ಲಿ ಅಡಗಿದ್ದೆ. ಯಾರೋ ಹೊರಗಿಂದ ಚಿಲಕ ಹಾಕಿಬಿಟ್ಟರು. ಮೆಣಸಿನಕಾಯಿ ಘಾಟು, ಬೆಲ್ಲದ ವಾಸನೆ, ಕತ್ತಲು. ಕೂಗಿದರೆ ಯಾರಿಗೂ ಕೇಳಲಿಲ್ಲ. ಅಳು ಬಂತು. ಆಗ ನೆನಪಾಗಿದ್ದು ನ್ಯಾನ್ಸಿ. ಗೋಡೆ ಹಿಡಿದು ಹುಡುಕಿದೆ, ಮೂಲೆಯಲ್ಲಿ ಒನಕೆ ಸಿಕ್ಕಿತು. ಅದರ ತುದಿಯನ್ನು ಬಾಗಿಲ ಸಂದಿಗೆ ಕೊಟ್ಟು ಮೀಟಿದೆ. ದಪ್ಪ ಒನಕೆ, ಸಂದಿಗೆ ಹೋಗಲೇ ಇಲ್ಲ. ಅಜ್ಜಿ ಬಂದು ಚಿಲಕ ತೆಗೆದಾಗ ಅಂಗೈ ಕೆಂಪಾಗಿತ್ತು, ಆದರೆ ಕಣ್ಣು ಒಣಗಿತ್ತು. "ಒನಕಿ ಯಾಕವ್ವ ಹಿಡ್ಕಂಡಿ?" ಅಂದರು. ನ್ಯಾನ್ಸಿ ವಿಷಯ ಅಜ್ಜಿಗೆ ಹೇಗೆ ಹೇಳೋದು ಅಂತ ತಿಳಿಯದೆ ಅವರ ಸೆರಗು ಹಿಡಿದುಕೊಂಡೆ. ಶನಿವಾರ ಆ ಪುಟ ತೆಗೆದಾಗ ಮೂಗಿಗೆ ಬಂದಿದ್ದು ಅದೇ ಘಾಟು.

ಅದೇ ಭಾಗದಲ್ಲಿ ಬೇಸರದ ಸಂಗತಿಯೂ ಇದೆ. 1930ರ ಪುಸ್ತಕದಲ್ಲಿ ಆ ಮನೆ ನೋಡಿಕೊಳ್ಳುವ ಜೆಫ್ ಟಕರ್ ಕಪ್ಪು ಮನುಷ್ಯ. ಅವನನ್ನು ಕುಡುಕನಾಗಿ ತೋರಿಸಿದ್ದಾರೆ. ಓದುವವರು ನಗಲಿ ಅಂತಲೇ ಅವನ ಮಾತನ್ನು ಸೊಟ್ಟಗೆ ಬರೆದಿದ್ದಾರೆ. ಓದ್ತಾ ಓದ್ತಾ ಮುಖ ಬಿಸಿಯಾಯಿತು. 1959ರಲ್ಲಿ ಇದನ್ನು ತೆಗೆದದ್ದು ಸರಿಯಾದ ಕೆಲಸ. ಅದರ ಜೊತೆಗೆ ಹುಡುಗಿಯ ಧೈರ್ಯವನ್ನೂ ತಗ್ಗಿಸುವ ಅಗತ್ಯ ಏನಿತ್ತು?

ಪುಸ್ತಕದ ಮೇಲೆ ಲೇಖಕಿ ಅಂತ ಇರುವ ಕ್ಯಾರೊಲಿನ್ ಕೀನ್ ಅನ್ನೋ ಹೆಸರಿನವರು ಯಾರೂ ಇರಲೇ ಇಲ್ಲ. ಸರಣಿ ಹುಟ್ಟುಹಾಕಿದ ಎಡ್ವರ್ಡ್ ಸ್ಟ್ರೇಟ್‌ಮೇಯರ್ ಕಥೆಯ ಎಳೆ ಬರೆದುಕೊಟ್ಟರು. ಅದನ್ನು ಪುಸ್ತಕ ಮಾಡಿದ್ದು ಅಮೆರಿಕದ ಅಯೋವಾ ರಾಜ್ಯದ ಮಿಲ್ಡ್ರೆಡ್ ವರ್ಟ್ ಬೆನ್ಸನ್. ಪುಸ್ತಕಕ್ಕೆ 125 ಡಾಲರ್, ಮುಂದೆ ಮಾರಾಟದಲ್ಲಿ ಪಾಲಿಲ್ಲ. ಮೊದಲ ಮೂವತ್ತರಲ್ಲಿ ಇಪ್ಪತ್ತಮೂರು ಅವರದ್ದೇ. 1980ರಲ್ಲಿ ಪ್ರಕಾಶಕರ ಜಗಳ ಕೋರ್ಟಿಗೆ ಹೋಗಿ, ಬೆನ್ಸನ್ ಸಾಕ್ಷಿ ಹೇಳಿದ ಮೇಲೆ ಅವರ ಹೆಸರು ಹೊರಗೆ ಬಂತು. ತೊಂಬತ್ತು ದಾಟಿದ ಮೇಲೂ ಟೊಲೆಡೊ ಊರಿನ ಪತ್ರಿಕೆಗೆ ಅಂಕಣ ಬರೆಯುತ್ತಿದ್ದ ಆ ಹೆಂಗಸು 2002ರಲ್ಲಿ ತೀರಿಕೊಂಡರು. ನನ್ನ ಒನಕೆಯ ಹಿಂದೆ ಇದ್ದದ್ದು ಇವರು. ಜೆಫ್ ಟಕರ್‌ಗೆ ಆ ಸೊಟ್ಟ ಮಾತು ಕೊಟ್ಟದ್ದೂ ಇವರ ಪುಸ್ತಕವೇ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳೋದು ನನಗೆ ಸುಲಭ ಆಗಲಿಲ್ಲ.

ಸಂಜೆ ಮಗಳು ಹಳೇದನ್ನೇ ಎತ್ತಿಕೊಂಡು ಹೋದಳು. ಬೇಡ ಅನ್ನಲಿಲ್ಲ. ರಾತ್ರಿ ತಟ್ಟೆ ಹಾಕುವ ಹೊತ್ತಿಗೆ, ಪುಟದಲ್ಲಿ ಬೆರಳಿಟ್ಟುಕೊಂಡೇ ಬಂದಳು.

"ಅಮ್ಮಾ, ಇವನ್ಯಾಕೆ ಹೀಗೆ ಮಾತಾಡ್ತಾನೆ?"

ಪಕ್ಕದಲ್ಲಿ ಕೂರಿಸಿಕೊಂಡೆ. ಅನ್ನ ಆರಿ ತಣ್ಣಗಾಗುವವರೆಗೂ ಅದನ್ನೇ ಮಾತಾಡಿದೆವು.