ಅಮಿಕಾಸಿನ್ ಥೀಸಿಸ್, ನಾಲ್ಕನೇ ತಿಂಗಳು: ಔಷಧಿ ಎಲ್ಲಿ ಹೋಯ್ತು?

ಹೋದ ತಿಂಗಳು ಬರೆದಾಗ ಎಥಿಕ್ಸ್ ಕಮಿಟಿ ಒಪ್ಪಿಗೆ ಕೈಗೆ ಬಂದಿತ್ತು, ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿಯೂ ಮುಗಿದಿತ್ತು. ಇನ್ನೇನು, ಮಕ್ಕಳನ್ನು ಸೇರಿಸಿಕೊಳ್ಳುತ್ತಾ ಹೋಗುವುದಷ್ಟೇ ಅಂದುಕೊಂಡಿದ್ದೆ. ಹನ್ನೊಂದು ಮಕ್ಕಳನ್ನು ಸೇರಿಸಿದ್ದೂ ಆಯ್ತು. ಆದರೆ ಮೊದಲ ಆರು ಮಕ್ಕಳ ರೀಡಿಂಗ್ ಹಾಳೆ ನೋಡಿದ ಗೈಡ್ ಮೇಡಂ ಕನ್ನಡಕ ತೆಗೆದಿಟ್ಟು, "ಏನಮ್ಮಾ, ಇದು ಔಷಧಿ ಲೆವೆಲ್ಲೋ, ನಿನ್ನ ಸಿರಿಂಜ್ ಲೆವೆಲ್ಲೋ?" ಅಂತ ಕೇಳಿದರು.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಮಕ್ಕಳ ವಿಭಾಗದಲ್ಲಿ ಪಿಜಿ. ನಂಜು ಏರಿದ ಎಳೆಗೂಸುಗಳಿಗೆ ಕೊಡುವ ಅಮಿಕಾಸಿನ್ ಇಂಜೆಕ್ಷನ್ ರಕ್ತದಲ್ಲಿ ಬೇಕಾದಷ್ಟು ಏರುತ್ತದಾ, ಮುಂದಿನ ಡೋಸ್ ಹೊತ್ತಿಗೆ ಬೇಕಾದಷ್ಟು ಇಳಿಯುತ್ತದಾ, ಇದೇ ನನ್ನ ಥೀಸಿಸ್. ಏರದಿದ್ದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಇಳಿಯದಿದ್ದರೆ ಕಿಡ್ನಿಗೂ ಕಿವಿಗೂ ಪೆಟ್ಟು, ಕಿವಿಗೆ ಬಿದ್ದ ಪೆಟ್ಟು ಸಾಮಾನ್ಯವಾಗಿ ವಾಸಿಯಾಗುವುದಿಲ್ಲ. ನಮ್ಮ ಪ್ರೋಟೊಕಾಲ್ ಪ್ರಕಾರ ಪೀಕ್ (ಡೋಸ್ ಆದ ಮೇಲೆ ಏರುವ ಮಟ್ಟ) ಲೀಟರಿಗೆ 20 ಎಂಜಿ ದಾಟಬೇಕು, ಟ್ರಫ್ (ಮುಂದಿನ ಡೋಸ್ ಹೊತ್ತಿಗೆ ಇಳಿದ ಮಟ್ಟ) 5ರ ಕೆಳಗಿರಬೇಕು.

ದೊಡ್ಡವರ ಡೋಸನ್ನು ತೂಕಕ್ಕೆ ತಕ್ಕಂತೆ ಭಾಗ ಮಾಡಿ ಕೊಟ್ಟರೆ ಆಗಲ್ವಾ ಅಂತ ನನ್ನ ತಮ್ಮ ಕೇಳಿದ. ಆಗಲ್ಲ. ಎಳೆಗೂಸಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ, ದಿನ ತುಂಬದ ಕೂಸಲ್ಲಿ ಇನ್ನೂ ಜಾಸ್ತಿ. ಅಮಿಕಾಸಿನ್ ಆ ನೀರಲ್ಲಿ ಜೀವಕೋಶಗಳ ಹೊರಗಿರುವ ಪಾಲಲ್ಲೆಲ್ಲ ಹರಡಿಕೊಳ್ಳುತ್ತದೆ, ಹಾಗಾಗಿ ಕೆಜಿ ಲೆಕ್ಕದಲ್ಲಿ ಡೋಸ್ ಕಡಿಮೆ ಮಾಡುವ ಹಾಗಿಲ್ಲ. ಇನ್ನೊಂದು ಕಡೆ ಕಿಡ್ನಿ ಈಗಷ್ಟೇ ಕೆಲಸ ಕಲಿಯುತ್ತಿರುತ್ತದೆ, ಔಷಧಿ ಹೊರಗೆ ಹಾಕುವುದು ನಿಧಾನ, ಅದಕ್ಕೇ ಡೋಸ್‌ಗಳ ನಡುವೆ ಜಾಸ್ತಿ ಗಂಟೆ ಬಿಡಬೇಕು. ಇದನ್ನು ಲೆಕ್ಕಕ್ಕೆ ತಗೊಳ್ಳದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 1950ರ ದಶಕದ ಕ್ಲೋರಾಂಫೆನಿಕಾಲ್ ಅನ್ನುವ ಆಂಟಿಬಯೋಟಿಕ್‌ನ ಕಥೆ ಇದೆ. ಕೂಸುಗಳ ಲಿವರ್ ಅದನ್ನು ಕರಗಿಸಲಾಗದೆ, ಮೈ ಬೂದು ಬಣ್ಣಕ್ಕೆ ತಿರುಗಿ ತೀರಿಹೋಗುತ್ತಿದ್ದವು. ಥೀಸಿಸ್ ಮುನ್ನುಡಿಯಲ್ಲಿ ಆ ಒಂದು ಪುಟ ಬರೆಯೋಕೆ ನನಗೆ ಮೂರು ರಾತ್ರಿ ಹಿಡಿಯಿತು.

ಈಗ ವಿಷಯಕ್ಕೆ. ಆರು ಮಕ್ಕಳಲ್ಲಿ ಕೆಲವರ ಪೀಕ್ ಏಳಲೇ ಇಲ್ಲ. ಒಂದು ಮಗುವಿನದು ಮಾತ್ರ ಇರಬೇಕಾದ್ದಕ್ಕಿಂತ ತುಂಬಾ ಮೇಲೆ. ತೂಕ ಹೆಚ್ಚುಕಡಿಮೆ ಒಂದೇ, ಚೀಟಿಯಲ್ಲಿ ಬರೆದ ಡೋಸೂ ಕೆಜಿಗೆ 15 ಎಂಜಿಯೇ.

ಕಡಿಮೆ ಬಂದದ್ದನ್ನು ಮೊದಲು ಹಿಡಿದೆ. ನಾವು ಔಷಧಿಗೆ ಸಲೈನ್ ಬೆರೆಸಿ 2 ಎಂಎಲ್ ಮಾಡಿ ಸಿರಿಂಜ್ ಪಂಪ್‌ನಲ್ಲಿ ಅರ್ಧ ಗಂಟೆ ಓಡಿಸುತ್ತಿದ್ದೆವು. ಪಂಪ್ ಕೂಗಿದ ತಕ್ಷಣ ಮುಗಿಯಿತು ಅಂತ ಬರೆದು, ಅಲ್ಲಿಂದ ಇನ್ನರ್ಧ ಗಂಟೆಗೆ ಬೇರೆ ಕೈಯಿಂದ ರಕ್ತ. ಒಂದು ಭಾನುವಾರ ಡ್ಯೂಟಿ ರೂಮಲ್ಲಿ ಅವಧಿ ಮೀರಿದ ಎಕ್ಸ್‌ಟೆನ್ಷನ್ ಲೈನಿಗೆ (ಪಂಪ್‌ನಿಂದ ಮಗುವಿನವರೆಗಿನ ಸಣ್ಣ ಪೈಪು) ಸಲೈನ್ ತುಂಬಿ, ಹಾಸ್ಟೆಲ್ ಮೆಸ್‌ನಿಂದ ತಂದ ಬೀಟ್‌ರೂಟ್ ಬೇಯಿಸಿದ ನೀರನ್ನು ಸೋಸಿ, 2 ಎಂಎಲ್ ಪಂಪಿಗೆ ಹಾಕಿದೆ. ಅರ್ಧ ಗಂಟೆಗೆ ಪಂಪ್ ಕೂಗಿತು. ಲೈನ್ ಉದ್ದಕ್ಕೂ ಕೆಂಪೋ ಕೆಂಪು! ಆ ಪೈಪೊಂದೇ ಒಂದೂವರೆ ಎಂಎಲ್ ಹಿಡಿಯುತ್ತದೆ. ಅಂದರೆ ನಾವು "ಮುಗಿಯಿತು" ಅಂತ ಬರೆದಾಗ ಮಗುವಿಗೆ ಹೋಗಿದ್ದು ಕಾಲು ಭಾಗ, ಮಿಕ್ಕಿದ್ದು ಪೈಪಲ್ಲೇ ಕೂತಿದೆ. ನಾನು ಅಳೆದದ್ದು ಪೀಕ್ ಅಲ್ಲವೇ ಅಲ್ಲ. ರಾತ್ರಿ ಪಾಳಿಯಲ್ಲಿ ಯಾರಾದರೂ ಲೈನ್ ಬದಲಿಸಿದ್ದರೆ ಆ ಔಷಧಿ ಕಸದ ಬುಟ್ಟಿಗೇ ಹೋಗಿರುತ್ತದೆ, ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಈಗ ಔಷಧಿ ಮುಗಿದ ಮೇಲೆ ಅದೇ ವೇಗದಲ್ಲಿ ಸಲೈನ್ ಓಡಿಸಿ, ಆ ಸಲೈನ್ ಮುಗಿದ ಹೊತ್ತನ್ನೇ ಬರೆಯುತ್ತೇವೆ.

ಜಾಸ್ತಿ ಬಂದ ಮಗು 1.2 ಕೆಜಿ. ಡೋಸ್ 18 ಎಂಜಿ. ಮಾಮೂಲಿ 100 ಎಂಜಿ ವಯಲ್‌ನಲ್ಲಾದರೆ (ಔಷಧಿ ಸೀಸೆ) 0.36 ಎಂಎಲ್ ಎಳೆಯಬೇಕು. ಆ ವಾರ ಸ್ಟೋರ್‌ನಲ್ಲಿ ಅದು ಖಾಲಿ, ಬಂದಿದ್ದು 500 ಎಂಜಿಯದು. ಎರಡರಲ್ಲೂ ಇರುವುದು 2 ಎಂಎಲ್ಲೇ. ಹಾಗಾಗಿ ಎಳೆಯಬೇಕಾದದ್ದು 0.072 ಎಂಎಲ್, ಒಂದು ಎಂಎಲ್ ಸಿರಿಂಜಲ್ಲಿ ಏಳು ಸಣ್ಣ ಗೆರೆ. ನಮ್ಮ ಸೀನಿಯರ್ ಸಿಸ್ಟರ್ ಏಳೇ ಗೆರೆ ಎಳೆದಿದ್ದರು. ಅವರ ಕೈ ತಪ್ಪುವುದಿಲ್ಲ, ನಾನು ನೋಡಿದ್ದೇನೆ.

ಮತ್ತೆ? ಫಾರ್ಮಕಾಲಜಿ ಲ್ಯಾಬಿನ ಗಾಜಿನ ಪೆಟ್ಟಿಗೆಯ ತಕ್ಕಡಿ ಕೇಳಿಕೊಂಡು ಹೋದೆ. ಖಾಲಿ ಸಿರಿಂಜ್ ಸೂಜಿ ಸಮೇತ ತೂಗಿದೆ. ನೀರೆಳೆದು ಪೂರ್ತಿ ತಳ್ಳಿ ಮತ್ತೆ ತೂಗಿದೆ. ಖಾಲಿ ಅಂತ ಕಾಣುವ ಸಿರಿಂಜ್ 70 ಮಿಲಿಗ್ರಾಂ ಜಾಸ್ತಿ ತೂಗಿತು. ಐದು ಸಲ ಮಾಡಿದರೂ ಅಷ್ಟೇ ಆಸುಪಾಸು. ಸೂಜಿಯ ಬುಡದಲ್ಲಿ, ಸಿರಿಂಜ್ ಮೂತಿಯಲ್ಲಿ ಕೂತ ನೀರು, 0.07 ಎಂಎಲ್. ಏಳು ಗೆರೆ ಎಳೆದಾಗ ಬುಡದಲ್ಲೂ ಅಷ್ಟೇ ಔಷಧಿ ಇರುತ್ತದೆ. ಆಮೇಲೆ ಅದೇ ಸಿರಿಂಜಿಗೆ ಸಲೈನ್ ಎಳೆದರೆ ಬುಡದಲ್ಲಿದ್ದದ್ದೂ ಒಳಗೆ ಬಂದು ಕಲೆಯುತ್ತದೆ. ಡೋಸ್ ಹೆಚ್ಚುಕಡಿಮೆ ಎರಡು ಪಟ್ಟು! ಸಿಸ್ಟರ್‌ಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಪ್ಪತ್ತು ವರ್ಷದಿಂದ ಹೀಗೇ ಎಳೀತಿದೀನಿ ಡಾಕ್ಟ್ರೇ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಈಗ 100 ಎಂಜಿ ವಯಲ್ ಪೂರ್ತಿ ತೆಗೆದು 20 ಎಂಎಲ್ ಮಾಡುತ್ತೇವೆ, ಎಂಎಲ್‌ಗೆ 5 ಎಂಜಿ. 18 ಎಂಜಿಗೆ 3.6 ಎಂಎಲ್, ಬೇರೆ ಸಿರಿಂಜಲ್ಲಿ, ಮತ್ತೆ ಏನೂ ಬೆರೆಸದೆ. ಬುಡದ ಹನಿ ಈಗ ಲೆಕ್ಕಕ್ಕೇ ಬರುವುದಿಲ್ಲ. 500ರ ವಯಲ್ ಎನ್‌ಐಸಿಯು (ಎಳೆಗೂಸುಗಳ ಐಸಿಯು) ಕಪಾಟಿಗೆ ಬರಬಾರದು ಅಂತ ಮೇಡಂ ಚೀಟಿ ಅಂಟಿಸಿದ್ದಾರೆ.

ಆ ಮಗುವಿನ ಮನೆಯವರಿಗೆ ಆದದ್ದನ್ನು ಆದ ಹಾಗೇ ಹೇಳಿದೆವು. ಕಿಡ್ನಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಏರಿಲ್ಲ. ಅಜ್ಜಿ ಕೇಳಿದ್ದು ಬೇರೆ. "ಅಂಗೈಯಷ್ಟು ಕೂಸು, ಇನ್ನೂ ಎಷ್ಟು ರಕ್ತ ತಗೀತೀರಾ ಡಾಕ್ಟ್ರಮ್ಮ?" ನ್ಯಾಯವಾದ ಪ್ರಶ್ನೆ. ಆ ಕೂಸಿನ ಮೈಯಲ್ಲಿರುವುದೇ ಸುಮಾರು 100 ಎಂಎಲ್ ರಕ್ತ. ಅಧ್ಯಯನಕ್ಕೆ ಒಂದು ಸಲಕ್ಕೆ ಅದರ ನೂರರಲ್ಲಿ ಒಂದು ಪಾಲು ದಾಟಬಾರದು ಅನ್ನುವ ಯುರೋಪಿನ ಮಿತಿಯನ್ನೇ ನಾವೂ ಇಟ್ಟುಕೊಂಡಿದ್ದೇವೆ, ಅಂದರೆ 1 ಎಂಎಲ್. ನಾವು ಸಲಕ್ಕೆ ಅರ್ಧ ಎಂಎಲ್‌ನಂತೆ ಎರಡೇ ಸಲ ತೆಗೆಯುತ್ತೇವೆ. ಟ್ಯೂಬ್ ತೋರಿಸಿದೆ. ಬೆರಳಲ್ಲಿ ಹಿಡಿದು ನೋಡಿ, "ಆಯ್ತು" ಅಂದರು.

ಈ ನಡುವೆ ಫಾಸ್ಫೋಮೈಸಿನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಬಗ್ಗೆಯೂ ಓದುತ್ತಿದ್ದೇನೆ. ಕೀನ್ಯಾದ ಕಿಲಿಫಿಯಲ್ಲಿ 120 ನವಜಾತ ಶಿಶುಗಳ ಮೇಲೆ ನೋಡಿದ್ದಾರೆ. ಆ ಇಂಜೆಕ್ಷನ್ನಲ್ಲಿ ಸೋಡಿಯಂ ತುಂಬಾ ಇರುವುದರಿಂದ ರಕ್ತದ ಸೋಡಿಯಂ ಏರುತ್ತದೇನೋ ಅನ್ನುವ ಭಯ ಇತ್ತು, ಹಾಗೆ ಆಗಲಿಲ್ಲ. ಈಗ ಎಳೆಗೂಸುಗಳ ನಂಜಿಗೆ ಔಷಧಿ ಹೋಲಿಸಿ ನೋಡುವ ನಿಯೋಸೆಪ್1 ಟ್ರಯಲ್‌ನಲ್ಲಿ ಅದನ್ನು ನಮ್ಮ ಅಮಿಕಾಸಿನ್ ಜೊತೆಗೂ ಸೇರಿಸಿ ನೋಡುತ್ತಿದ್ದಾರೆ. ನಾನು ಮಾತ್ರ ಈಗ ಎಲ್ಲ ಪೇಪರ್‌ನಲ್ಲೂ ಮೊದಲು ಹುಡುಕುವುದು ಲೈನ್ ಹೇಗೆ ಫ್ಲಶ್ ಮಾಡಿದರು ಅನ್ನುವ ಸಾಲನ್ನೇ.

ಮೊದಲ ಆರು ಮಕ್ಕಳ ಲೆಕ್ಕ ಬೇರೆ ಹಾಳೆಗೆ ಹೋಯಿತು. ಕಮಿಟಿಗೆ ಏನಾಯ್ತು ಅಂತ ಪತ್ರ ಬರೆದು, ವಿಧಾನ ಬದಲಿಸಲು ತಿದ್ದುಪಡಿಯನ್ನೂ ಕೊಟ್ಟಿದ್ದೇನೆ. ಗುರುವಾರ ಆ 1.2 ಕೆಜಿ ಮಗುವಿನ ಕಿವಿ ಪರೀಕ್ಷೆ. ಈಗ ಅದು 1.5 ಕೆಜಿ.