ನಿಮ್ಮತ್ತೆ ಎಷ್ಟು ಕಪ್ಪಿದ್ರು?

ಮಂಗಳವಾರ ಸಂಜೆ ಕೇಳಿಸಿಕೊಂಡ ಪ್ರಶ್ನೆ ಇದು. ಇವತ್ತು ಶುಕ್ರವಾರ. ಇನ್ನೂ ತಲೆಯಿಂದ ಇಳಿದಿಲ್ಲ.

ಭಾನುವಾರ ಸೋದರತ್ತೆಯ ವರ್ಷದ ತಿಥಿ. ಗೋಡೆಗೆ ಹಾಕೋಕೆ 12x18 ಇಂಚಿನ ಒಂದು ಫೋಟೋ ಬೇಕಿತ್ತು. ಹೋದ ವಾರ ಒಂದು ಆ್ಯಪ್‌ನಲ್ಲಿ ಆರ್ಡರ್ ಮಾಡಿದ್ದೆ. ಮೂರೇ ದಿನಕ್ಕೆ ಗಟ್ಟಿ ರಟ್ಟಿನ ಕೊಳವೆಯಲ್ಲಿ ಬಂತು. ಬಿಚ್ಚಿ ನೋಡಿದರೆ, ಅತ್ತೆಯ ಸೀರೆ ಉಟ್ಟುಕೊಂಡು ಬೇರೆ ಯಾರೋ ಕೂತಿದ್ದಾರೆ! ಮುಖ ಬೆಳ್ಳಗೆ, ಕೆನ್ನೆ ನುಣ್ಣಗೆ. ಅಪ್ಪ ಮಾತ್ರ "ಅಕ್ಕ ಚೆನ್ನಾಗಿ ಬಂದಿದ್ದಾಳೆ" ಅಂದರು. ಚಿಕ್ಕಪ್ಪನ ಮಗ "ಬ್ರೈಟ್ ಆಗಿದೆ, ಒಳ್ಳೇದೇ ಅಲ್ವಾ" ಅಂದ. ಅವನು ಎಲ್ಲದಕ್ಕೂ ಹಾಗೇ ಅನ್ನುತ್ತಾನೆ.

ನನಗೆ ಸಮಾಧಾನ ಆಗಲಿಲ್ಲ. ಮೈಸೂರಿನ ಅಗ್ರಹಾರದ ಕಡೆ ಒಂದು ಹಳೇ ಸ್ಟುಡಿಯೋ ಇದೆ. ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಫೋಟೋ ಅಲ್ಲೇ ತೆಗೆಸಿದ್ದು. ಅಲ್ಲಿಗೆ ಹೋದೆ.

ಯಜಮಾನರು ಫೋನಿನಲ್ಲಿದ್ದ ಫೋಟೋ ನೋಡಿದ ಕೂಡಲೇ "ವಾಟ್ಸಾಪಲ್ಲಿ ಬಂದಿದ್ದಾ?" ಅಂದರು. ಹೌದು, ಒಂದು ಮದುವೆಯಲ್ಲಿ ಚಿಕ್ಕಪ್ಪನ ಮಗನೇ ತೆಗೆದು ಕಳಿಸಿದ್ದು. ಫೋಟೋದ ಉದ್ದ 1600 ಪಿಕ್ಸೆಲ್. 12x18ಕ್ಕೆ ಒಂದು ಇಂಚಿಗೆ 300ರ ಲೆಕ್ಕ ಹಿಡಿದರೆ 5400 ಬೇಕು. "ಇದನ್ನ ಎಳೆದು ದೊಡ್ಡದು ಮಾಡಿದ್ರೆ ಮುಖ ಮೇಣದ ಥರ ಆಗುತ್ತೆ. ತೆಗೆದವ್ರಿಗೆ ಡಾಕ್ಯುಮೆಂಟ್ ಮಾಡಿ ಕಳಿಸೋಕೆ ಹೇಳಿ, ಆಗ ವಾಟ್ಸಾಪ್ ಅದನ್ನ ಕುಗ್ಗಿಸಲ್ಲ." ಅಲ್ಲೇ ನಿಂತು ಫೋನ್ ಮಾಡಿ ತರಿಸಿಕೊಂಡೆ. 4000 ಪಿಕ್ಸೆಲ್ ಬಂತು. "ಗೋಡೆ ಮೇಲೆ, ದೂರದಿಂದ ನೋಡೋದಲ್ವಾ, ಸಾಕು" ಅಂದರು.

ಆಮೇಲೆ ಆ್ಯಪ್‌ನ ಪ್ರಿಂಟ್ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು. "ಆಟೋ ಕರೆಕ್ಷನ್‌ಗೆ ಬಿಟ್ಟಿದ್ದಾರೆ. ಮುಖ ಕಂಡ್ರೆ ಸಾಕು, ಬೆಳ್ಳಗೆ ಮಾಡಿಬಿಡುತ್ತೆ. ನಾನು ಅದನ್ನ ಆಫ್ ಮಾಡ್ತೀನಿ. ಆದ್ರೆ ಈ ಫೋಟೋಗೆ ಮದುವೆ ಮನೆ ಲೈಟು ಬೇರೆ ಬಿದ್ದಿದೆ. ನಾನು ಅವ್ರನ್ನ ನೋಡಿಲ್ಲ. ಹೇಳಮ್ಮ, ನಿಮ್ಮತ್ತೆ ಎಷ್ಟು ಕಪ್ಪಿದ್ರು?"

ಎಷ್ಟು ಸಲೀಸಾಗಿ ಕೇಳಿಬಿಟ್ಟರು! ಸೀರೆಯ ಅಂಚು ಯಾವ ಬಣ್ಣ ಅನ್ನೋ ಹಾಗೆ.

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಿದ್ದೇ ಇಲ್ಲ. 'ಬಣ್ಣ ಸ್ವಲ್ಪ ಕಮ್ಮಿ' ಅನ್ನುತ್ತಿದ್ದರು. 'ಎಣ್ಣೆಗೆಂಪು' ಅನ್ನುತ್ತಿದ್ದರು. ಅಜ್ಜಿಯಂತೂ 'ಲಕ್ಷಣವಾಗಿದ್ದಾಳೆ' ಅಂತ ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ಕೇಳಿದವರಿಗೆ ಉಳಿದದ್ದು ತಾನಾಗೇ ಅರ್ಥವಾಗುತ್ತಿತ್ತು. ಅತ್ತೆಗೆ ಮದುವೆ ಆಗಲಿಲ್ಲ. ಗಂಡಿನ ಕಡೆಗೆ ಕಳಿಸಲು 1974ರಲ್ಲಿ ತೆಗೆಸಿದ ಕಪ್ಪುಬಿಳುಪು ಫೋಟೋ ಇನ್ನೂ ಬೀರುವಿನಲ್ಲಿದೆ. ಅದರಲ್ಲೂ ಅತ್ತೆ ಬೆಳ್ಳಗಿದ್ದಾರೆ. ಆಗ ನೆಗೆಟಿವ್ ಮೇಲೆ ಸೀಸದಕಡ್ಡಿಯಲ್ಲಿ ಸಣ್ಣಗೆ ತೀಡುತ್ತಿದ್ದರಂತೆ. ತೀಡಿದ ಜಾಗ ಪ್ರಿಂಟ್‌ನಲ್ಲಿ ಬೆಳ್ಳಗಾಗುತ್ತದೆ. ಫೋಟೋ ಒಪ್ಪಿಕೊಂಡು ಬಂದವರು ಮನುಷ್ಯಳನ್ನು ನೋಡಿ ಉಪ್ಪಿಟ್ಟು ತಿಂದು ಹೋದರು. ಅಂಥವರು ಮೂರು ಮನೆಯವರು ಅಂತ ಅತ್ತೆಯೇ ನಗುತ್ತಾ ಹೇಳಿದ್ದರು. ಆ ನಗು ನನಗೆ ಆಗ ಅರ್ಥವಾಗಿರಲಿಲ್ಲ.

ಈ ರೋಗ ನಮ್ಮ ಸ್ಟುಡಿಯೋಗಳದ್ದು ಮಾತ್ರ ಅಲ್ಲ ಬಿಡಿ. ಕೋಡಕ್ ಕಂಪನಿ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಕಾರ್ಡ್ ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿ ಹೆಂಗಸು. ಅದಕ್ಕೆ 'ಶರ್ಲಿ ಕಾರ್ಡ್' ಅಂತಲೇ ಹೆಸರು. ಅವಳ ಚರ್ಮ ಸರಿ ಕಂಡರೆ ಪ್ರಿಂಟ್ ಸರಿ. ನಮ್ಮತ್ತೆಗೆ ಶರ್ಲಿ ಯಾರು ಅಂತ ಗೊತ್ತಿರಲಿಲ್ಲ, ಶರ್ಲಿಗೂ ನಮ್ಮತ್ತೆ ಗೊತ್ತಿರಲಿಲ್ಲ.

ಯಜಮಾನರು ಕಾಯುತ್ತಿದ್ದರು. ಗೋಧಿ ಬಣ್ಣ ಅನ್ನಲಾ? ಬಾಯಿಗೆ ಬಂತು. ಹಾಳು ಅಭ್ಯಾಸ. ನುಂಗಿಕೊಂಡೆ. ಬಳೆ ಹಿಂದಕ್ಕೆ ಸರಿಸಿ ಕೈಯನ್ನು ಕೌಂಟರ್ ಮೇಲೆ ಚಾಚಿದೆ.

"ಇದಕ್ಕಿಂತ ಜಾಸ್ತಿ. ಇನ್ನೂ ಒಂದು ಸ್ವಲ್ಪ."

ಅವರು ನನ್ನ ಕೈ ನೋಡಿದರು, ಸ್ಕ್ರೀನ್ ನೋಡಿದರು. ಮೌಸ್ ಅಲ್ಲಾಡಿಸಿದರು. ಸ್ಕ್ರೀನ್‌ಗೆ ಹಿಂದಿನಿಂದ ಬೆಳಕಿರುತ್ತದೆ, ಕಾಗದಕ್ಕೆ ಇರಲ್ಲ, ಪ್ರಿಂಟ್ ಇನ್ನೂ ಕಪ್ಪಾಗಿ ಕಾಣುತ್ತೆ, ಅದನ್ನೂ ಲೆಕ್ಕ ಹಿಡೀಬೇಕು ಅಂತ ತಮಗೆ ತಾವೇ ಹೇಳಿಕೊಂಡರು. ದೊಡ್ಡದಕ್ಕೆ ಕೈ ಹಾಕುವ ಮುಂಚೆ 4x6ರಲ್ಲಿ ಒಂದು ಹಾಕಿದರು. ಅದನ್ನು ಟ್ಯೂಬ್‌ಲೈಟ್ ಕೆಳಗೆ ನೋಡೋಕೆ ಬಿಡಲಿಲ್ಲ. ಬೀದಿಗೆ ಕರೆದುಕೊಂಡು ಹೋದರು. ಸೈಕಲ್ ಸ್ಟ್ಯಾಂಡ್ ಪಕ್ಕ, ಇಳಿಬಿಸಿಲಲ್ಲಿ ಇಬ್ಬರೂ ಅತ್ತೆಯ ಮುಖ ಹಿಡಿದುಕೊಂಡು ನಿಂತೆವು. ಮತ್ತೆ ಅದೇ ಪ್ರಶ್ನೆ: "ಇಷ್ಟಿದ್ರಾ?"

ಮೂರನೇ ತುಂಡಿಗೆ ಹೌದು ಅಂದೆ. ಇಷ್ಟೇ ಇದ್ದರು.

ಆ ಮೂರು ತುಂಡಿಗೆ ದುಡ್ಡು ತಗೊಳ್ಳಲಿಲ್ಲ. ಮ್ಯಾಟ್ ಕಾಗದವೇ ಇರಲಿ, ಗ್ಲಾಸಿ ಆದರೆ ಫ್ರೇಮಿನ ಗಾಜಿಗೆ ಅಂಟಿಕೊಳ್ಳುತ್ತೆ ಅಂದರು. ಒಪ್ಪಿದೆ. ಆ್ಯಪ್‌ಗಿಂತ ಒಟ್ಟು ಬೆಲೆ ಸ್ವಲ್ಪ ಜಾಸ್ತಿಯೇ ಆಯಿತು. ಆ್ಯಪ್ ನನ್ನನ್ನು ಏನೂ ಕೇಳಿರಲಿಲ್ಲ ಅನ್ನೋದು ಆಮೇಲೆ ಹೊಳೆಯಿತು. ಸೈಜು ಎಷ್ಟು, ವಿಳಾಸ ಯಾವುದು, ಅಷ್ಟೇ.

ಬುಧವಾರ ದೊಡ್ಡ ಪ್ರಿಂಟ್ ಮನೆಗೆ ತಂದೆ. ಅಪ್ಪನ ಮುಂದೆ ಹಿಡಿದೆ. ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು, ಸುಳ್ಳು ಯಾಕೆ.

"ಕಪ್ಪಾಯ್ತಲ್ಲೇ" ಅಂದರು.

ನಾನು ಮಾತಾಡಲಿಲ್ಲ. ಅಪ್ಪ ಎದ್ದು ಕಿಟಕಿ ಹತ್ತಿರ ಹೋದರು. ತುಂಬಾ ಹೊತ್ತು ನೋಡಿದರು.

"ಮೂಗುಬೊಟ್ಟು ಕಾಣ್ತಿದೆ. ನಮ್ಮಮ್ಮಂದು ಅದು."

ನಿಜ, ಬಿಳಿ ಕಲ್ಲಿನ ಮೂಗುಬೊಟ್ಟು. ಮೊದಲ ಪ್ರಿಂಟ್‌ನ ಬೆಳ್ಳನೆ ಮೂಗಿನ ಮೇಲೆ ಅದು ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನಾನೂ ಗಮನಿಸಿರಲಿಲ್ಲ.

ಕಟ್ಟು ಹಾಕುವವನು ಶನಿವಾರ ಸಂಜೆ ಕೊಡುತ್ತೇನೆ ಅಂದಿದ್ದಾನೆ. ಮೊದಲನೇ ಪ್ರಿಂಟ್ ಕೊಳವೆಯಲ್ಲೇ ಇದೆ, ಬೀರುವಿನ ಮೇಲೆ. ಬಿಸಾಕೋಕೆ ಅಪ್ಪ ಬಿಡುತ್ತಿಲ್ಲ.