ಬಿಪಿ ಇನ್ನೂರು ದಾಟಿದಾಗ ಮೊದಲು ಏನು ನೋಡಬೇಕು

ನಮ್ಮ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಬಿಪಿ ಮಷಿನ್ 200 ದಾಟಿ ತೋರಿಸಿದರೆ ಸಾಕು, ಸಿಸ್ಟರ್ ಮುಖ ನೋಡಿ ರೋಗಿ ಹೆದರುತ್ತಾರೆ, ರೋಗಿಯನ್ನು ನೋಡಿ ಜೊತೆಗೆ ಬಂದವರು ಹೆದರುತ್ತಾರೆ, ಆಮೇಲೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. "ಮೊದಲು ಅದನ್ನ ಇಳಿಸಿ ಮೇಡಂ!" ಈ ಒಂದು ಮಾತಿನ ಬಗ್ಗೆಯೇ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಶಿಡ್ಲಘಟ್ಟದ ಕಡೆಯ ಹಳ್ಳಿ ನಮ್ಮದು. ಬಿಪಿ, ಶುಗರ್‌ನಂಥ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್ ದಿನ, ಓಪಿಡಿ ತುಂಬಿತ್ತು. ಅರವತ್ತು ದಾಟಿದ ರೈತರೊಬ್ಬರನ್ನು ಮಗ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಯಜಮಾನರು ಸಬ್‌ಸೆಂಟರ್‌ಗೆ ಹೋಗಿದ್ದು ಮಂಡಿನೋವಿಗೆ. ಅಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಬಿಪಿ ನೋಡಿ, ಚೀಟಿಯಲ್ಲಿ 214/118 ಅಂತ ಕೆಂಪು ಪೆನ್ನಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಕಳಿಸಿದ್ದರು. ಮಗನ ಕೈ ನಡುಗುತ್ತಿತ್ತು.

"ಮೇಡಂ, ನಾಲಿಗೆ ಕೆಳಗೆ ಇಡೋ ಮಾತ್ರೆ ಕೊಡಿ. ನಮ್ಮ ದೊಡ್ಡಪ್ಪಂಗೆ ಹಂಗೇ ಕೊಟ್ಟಿದ್ರು, ಹತ್ತು ನಿಮಿಷಕ್ಕೆ ಇಳೀತು."

"ಕೊಡಲ್ಲಪ್ಪ. ಮೊದಲು ತಂದೆಯವರನ್ನ ಕೂರಿಸು."

ಬಾಯಲ್ಲಿ ಹೊಗೆಸೊಪ್ಪು ಇತ್ತು, ಉಗಿಸಿದೆವು. ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿರಲಿಲ್ಲ, ಕಳಿಸಿದೆವು. ಬೆನ್ನಿಗೆ ಗೋಡೆ, ಪಾದ ನೆಲದ ಮೇಲೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ, ಮಾತಿಲ್ಲ. ತೋಟದಲ್ಲಿ ದುಡಿದ ದಪ್ಪ ತೋಳು. ನಮ್ಮ ಪಟ್ಟಿ ಸುತ್ತಿ ಗಾಳಿ ಹೊಡೆದರೆ ಅಂಟು ಚರ್ರ್ ಅಂತ ಬಿಚ್ಚಿಕೊಳ್ಳುತ್ತಿತ್ತು. ತೋಳಿಗಿಂತ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಪಿಎಚ್‌ಸಿಗೆ ಬರುವುದು ಒಂದೇ ಅಳತೆಯ ಪಟ್ಟಿ. ನನ್ನ ಬ್ಯಾಗಿನಲ್ಲಿ ಸ್ವಂತ ದುಡ್ಡಲ್ಲಿ ತಂದ ದೊಡ್ಡದೊಂದು ಇರುತ್ತದೆ, ಅದನ್ನೇ ಕಟ್ಟಿದೆ. ಎರಡೂ ಕೈ ನೋಡಿದೆ. 206/114.

ಪಟ್ಟಿಯ ತಪ್ಪಲ್ಲ, ಬಿಪಿ ನಿಜಕ್ಕೂ ಜಾಸ್ತಿಯೇ ಇತ್ತು. ಈಗ ಅದರಿಂದ ಮೆದುಳು, ಹೃದಯ, ಮೂತ್ರಪಿಂಡ, ಕಣ್ಣಿಗೆ ಏಟು ಬಿದ್ದಿದೆಯಾ ಅಂತ ನೋಡಬೇಕು. ಎದೆನೋವು? ಇಲ್ಲ. ಉಸಿರಾಟದ ತೊಂದರೆ, ಮಲಗಿದರೆ ದಮ್ಮು? ಇಲ್ಲ. ಬೆನ್ನು ಸೀಳಿದ ಹಾಗೆ ನೋವು? ಇಲ್ಲ. ವಾಂತಿ, ತಡೆಯಲಾರದ ತಲೆನೋವು, ಕೈಕಾಲು ಜೋಮು? ಇಲ್ಲ. ಮಾತು ಸರಿಯಾಗಿತ್ತು, ನಡಿಗೆ ನೆಟ್ಟಗಿತ್ತು.

"ಕಣ್ಣು ಹೇಗೆ ಕಾಣುತ್ತೆ ಯಜಮಾನ್ರೇ?"

"ಮಂಜು ಮಂಜು ತಾಯಿ."

ನನ್ನ ಎದೆ ಧಸಕ್ಕೆಂದಿತು. ಇಷ್ಟು ಬಿಪಿಯಲ್ಲಿ ಹೊಸದಾಗಿ ಕಣ್ಣು ಮಂಜಾದರೆ ಅದು ತುರ್ತು, ಮಾತೇ ಇಲ್ಲ. ಮಗ ಆಗಲೇ ಫೋನು ಕೈಗೆ ತೆಗೆದುಕೊಂಡಿದ್ದ. ಸಿಸ್ಟರ್ 108ಕ್ಕೆ ಮಾಡಲಾ ಅಂತ ಕಣ್ಣಲ್ಲೇ ಕೇಳಿದರು. ಒಂದೇ ನಿಮಿಷ ಇರಿ ಅಂದೆ. ಒಂದು ಕಣ್ಣು ಮುಚ್ಚಿಸಿ ಬೆರಳು ಎಣಿಸಲು ಹೇಳಿದೆ, ಆಮೇಲೆ ಇನ್ನೊಂದು ಕಣ್ಣು. ಎಡಗಣ್ಣು ಚೆನ್ನಾಗಿತ್ತು. ಬಲಗಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆಯಲ್ಲಿ ಬಿಳಿ ಪೊರೆ ಎದ್ದು ಕಾಣುತ್ತಿತ್ತು. ಯಾವಾಗಿನಿಂದ ಅಂತ ಕೇಳಿದರೆ "ಅದು ಹೋದ ವರ್ಷದಿಂದ ಹಂಗೇ ಐತೆ" ಅಂದರು. ಕಣ್ಣಿನ ಹಿಂಭಾಗ ನೋಡುವ ಉಪಕರಣ ನಮ್ಮ ಅಲಮಾರಿನಲ್ಲಿ ಇದೆ, ಬಲ್ಬ್ ಇಲ್ಲ. ಇದ್ದಿದ್ದರೆ ಆ ನಿಮಿಷ ಇನ್ನಷ್ಟು ಧೈರ್ಯ ಇರುತ್ತಿತ್ತು.

ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತ ಇಲ್ಲ. ಇಸಿಜಿಯಲ್ಲಿ ಹೃದಯದ ಗೋಡೆ ದಪ್ಪಗಾದ ಗುರುತು, ಹೊಸದೇನೂ ಇಲ್ಲ. ಮೂತ್ರಪಿಂಡ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆಗೆ ರಕ್ತ ತೆಗೆದೆವು. ಅರ್ಧ ಗಂಟೆ ಸುಮ್ನೆ ಕೂತ ಮೇಲೆ ಮತ್ತೆ ನೋಡಿದರೆ 188/106. ಔಷಧಿ ಇಲ್ಲದೆ ಅಷ್ಟು ಇಳಿದಿತ್ತು. ಹೆದರಿಕೆ, ನೋವು, ಬೈಕಿನ ಪ್ರಯಾಣ ಎಲ್ಲ ಸೇರಿ ಬಿಪಿಯನ್ನು ಎಷ್ಟು ಮೇಲೆ ತಳ್ಳುತ್ತವೆ ಅನ್ನುವುದು ಹೀಗೆ ಕೂರಿಸಿ ನೋಡಿದಾಗಲೇ ಗೊತ್ತಾಗುವುದು.

ನಾಲಿಗೆ ಕೆಳಗಿನ ಮಾತ್ರೆ ಯಾಕೆ ಕೊಡಲಿಲ್ಲ ಅಂತ ಮಗನಿಗೆ ಹೇಳಲೇಬೇಕಿತ್ತು. ಹೌಸ್‌ಸರ್ಜನ್ ಆಗಿದ್ದಾಗ ಕ್ಯಾಶುಯಾಲಿಟಿಗೆ ಒಬ್ಬ ಅಜ್ಜಿ ಬಂದಿದ್ದರು. ಎಲ್ಲೋ ಬಿಪಿ ಜಾಸ್ತಿ ಅಂತ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡಿದ್ದರು. ಬಿಪಿ ಸರ್ರನೆ ಇಳಿಯಿತು, ಅದರ ಜೊತೆ ಬಲಗೈ ಸ್ವಾಧೀನ ತಪ್ಪಿತು. ಮನೆಯವರಿಗೆ ಕಂಡಿದ್ದು ಬಿಪಿ ಇಳಿದದ್ದು ಮಾತ್ರ. ವರ್ಷಗಟ್ಟಲೆ ಜಾಸ್ತಿ ಬಿಪಿಗೆ ಒಗ್ಗಿದ ಮೆದುಳಿನ ರಕ್ತನಾಳಗಳು ಆ ಒತ್ತಡವನ್ನೇ ತಮ್ಮ ಮಾಮೂಲು ಮಾಡಿಕೊಂಡಿರುತ್ತವೆ. ಒಮ್ಮೆಲೇ ಇಳಿಸಿದರೆ ಮೆದುಳಿಗೆ ರಕ್ತ ಸಾಲುವುದಿಲ್ಲ, ಹೃದಯಕ್ಕೂ ಸಾಲುವುದಿಲ್ಲ. ಈ ಕ್ಯಾಪ್ಸೂಲ್ ಹೀಗೆ ಬಳಸುವುದನ್ನು ನಿಲ್ಲಿಸಿ ಅಂತ ಅಮೆರಿಕದ ವೈದ್ಯ ಪತ್ರಿಕೆಯಲ್ಲಿ 1996ರಲ್ಲೇ ಬರೆದರು. ಇವತ್ತಿಗೂ ಜನ ಕೇಳುತ್ತಾರೆ, ಯಾಕೆಂದರೆ ಕೊಡುವವರು ಇನ್ನೂ ಇದ್ದಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಬೇರೆ ಅಂಗಕ್ಕೆ ಏಟಿಲ್ಲದೆ ಬರೀ ಬಿಪಿ ಜಾಸ್ತಿ ಇದ್ದರೆ ಇಳಿಸುವುದಕ್ಕೆ ದಿನಗಳು, ವಾರಗಳು ಬೇಕು. ಬಾಯಿಂದ ನುಂಗುವ ಮಾಮೂಲಿ ಮಾತ್ರೆ ಸಾಕು.

ಅಷ್ಟಕ್ಕೂ ಇವರ ಬಿಪಿ ಏರಿದ್ದು ಯಾಕೆ? ಮನೆಯಲ್ಲಿ ರೇಷ್ಮೆ ಸಾಕಣೆ, ಹುಳ ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆಯಿಂದ) ಎದ್ದಿತ್ತು. ಆಗ ಹುಳಕ್ಕೆ ಹಸಿವು ಜಾಸ್ತಿ, ಸೊಪ್ಪು ಕೊಯ್ಯುವುದು, ಹಾಕುವುದು, ಇದೇ ಹಗಲು ರಾತ್ರಿ. ಬಿಪಿ ಮಾತ್ರೆಗಳಾದ ಆಂಲೋಡಿಪಿನ್, ಟೆಲ್ಮಿಸಾರ್ಟನ್ ಎರಡೂ ಮುಗಿದು ವಾರಗಳಾಗಿದ್ದವು, ಗೂಡು ಕಟ್ಟಲು ಚಂದ್ರಿಕೆಗೆ ಹುಳ ಬಿಟ್ಟ ಮೇಲೆ ಆಸ್ಪತ್ರೆಗೆ ಹೋದರಾಯ್ತು ಅಂತ ಬಿಟ್ಟಿದ್ದರು. ಮೇಲೆ ಮಂಡಿನೋವಿಗೆ ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ದಿನಾ ನುಂಗುತ್ತಿದ್ದರು. ಅದೂ ಬಿಪಿ ಏರಿಸುತ್ತದೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಅದನ್ನು ನಿಲ್ಲಿಸಿ ಪ್ಯಾರಾಸಿಟಮಾಲ್ ಕೊಟ್ಟೆ. ಹಳೆಯ ಎರಡು ಮಾತ್ರೆಗಳನ್ನೇ ಮತ್ತೆ ಶುರು ಮಾಡಿದೆ. ಆಂಲೋಡಿಪಿನ್ ಪೂರ್ತಿ ಕೆಲಸ ಮಾಡಲು ಒಂದು ವಾರವಾದರೂ ಬೇಕು, ನಾಳೆಯೇ ಇಳಿಯಲಿಲ್ಲ ಅಂತ ಗಾಬರಿ ಬೀಳಬೇಡಿ ಅಂತ ಮಗನಿಗೆ ಎರಡು ಸಲ ಹೇಳಿದೆ. ವಾರದೊಳಗೆ ಬನ್ನಿ, ಆದರೆ ಎದೆನೋವು, ಮಾತು ತೊದಲುವುದು, ದಮ್ಮು, ಏನೇ ಬಂದರೂ ಆ ಕ್ಷಣವೇ 108ಕ್ಕೆ ಫೋನ್ ಮಾಡಿ ಅಂತ ಚೀಟಿಯ ಹಿಂದೆ ಬರೆದುಕೊಟ್ಟೆ.

ಸಂಜೆ ಮೇಲಿನಿಂದ ಫೋನು. "180 ಮೇಲಿದ್ದ ರೋಗಿಯನ್ನ ಯಾಕೆ ರೆಫರ್ ಮಾಡಲಿಲ್ಲ?" ಪೋರ್ಟಲ್‌ನಲ್ಲಿ ಕಾಣುವುದು ಬಿಪಿ ಎಷ್ಟು ಅನ್ನುವುದಷ್ಟೇ. ಅರ್ಧ ಗಂಟೆ ಕೂರಿಸಿದ್ದು, ಕೇಳಿದ್ದು, ನೋಡಿದ್ದು ಹಾಕಲು ಅಲ್ಲಿ ಜಾಗವೇ ಇಲ್ಲ. ಎಲ್ಲರನ್ನೂ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ತಳ್ಳುವುದು ಸುಲಭ. ಅಲ್ಲಿ ಹೋಗಿ ಸಾಲಿನಲ್ಲಿ ನಿಂತು, ಬಸ್ ಚಾರ್ಜು, ಒಂದು ದಿನದ ಕೂಲಿ ಕಳೆದುಕೊಂಡು, ಅದೇ ಎರಡು ಮಾತ್ರೆ ಬರೆಸಿಕೊಂಡು ಬರಬೇಕು.

ರೆಫರ್ ಮಾಡಲೇಬೇಕಾದವರ ವಿಷಯದಲ್ಲಿ ನಾನು ಒಂದು ನಿಮಿಷ ಕೂಡ ಕಾಯುವುದಿಲ್ಲ. ಎದೆನೋವು, ಶ್ವಾಸಕೋಶದಲ್ಲಿ ನೀರು, ಫಿಟ್ಸ್, ಗೊಂದಲ, ಪಾರ್ಶ್ವವಾಯು, ಇವರಿಗೆ ಬಿಪಿ ಇಳಿಸುವುದು ಮಾನಿಟರ್ ಇರುವ ಕಡೆಯೇ ಆಗಬೇಕು. ಅಲ್ಲೂ ಸಾಮಾನ್ಯವಾಗಿ ಮೊದಲ ಒಂದು ಗಂಟೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇಳಿಸುವುದಿಲ್ಲ. ಗರ್ಭಿಣಿ, ಬಾಣಂತಿಯರ ಲೆಕ್ಕವೇ ಬೇರೆ. ಅವರಿಗೆ 160/110 ಬಂದರೇ ತುರ್ತು, ಬೇರೆ ಲಕ್ಷಣ ಇರಲಿ ಬಿಡಲಿ. ಅಲ್ಲಿ ನಿಫೆಡಿಪಿನ್ ನುಂಗಿಸುತ್ತೇವೆ, ಇಲ್ಲವೇ ಲ್ಯಾಬೆಟಲಾಲ್ ಇಂಜೆಕ್ಷನ್. ಫಿಟ್ಸ್ ಬಂದಿದ್ದರೆ ಅಥವಾ ಬರುವ ಸೂಚನೆ ಇದ್ದರೆ ಮೆಗ್ನೀಸಿಯಂ ಸಲ್ಫೇಟ್ ಮೊದಲ ಡೋಸ್ ಕೊಟ್ಟೇ ಆಂಬುಲೆನ್ಸ್ ಹತ್ತಿಸುತ್ತೇವೆ.

ಯಜಮಾನರು ವಾರದೊಳಗೆ ಬಂದರು, 164/96. ಕ್ರಿಯಾಟಿನಿನ್ ಸರಿ ಇತ್ತು. ಕಣ್ಣಿನ ಪೊರೆಗೆ ಚೀಟಿ ಬರೆದುಕೊಟ್ಟೆ, ಗೂಡು ಮಾರಿದ ಮೇಲೆ ಆಪರೇಷನ್ ಮಾಡಿಸುತ್ತಾರಂತೆ. ಬೆಳಿಗ್ಗೆ ಮೊದಲ ಸೊಪ್ಪು ಹಾಕುವ ಹೊತ್ತಿಗೇ ಮಾತ್ರೆ ನುಂಗಿ ಅಂತ ಆಶಾ ಅಕ್ಕ ಹೇಳಿಕೊಟ್ಟಿದ್ದಾರೆ, ಮುಂದಿನ ಬೆಳೆಗೆ ಮುಂಚೆ ತಿಂಗಳಿನ ಮಾತ್ರೆ ಮನೆಗೇ ಮುಟ್ಟಿಸುತ್ತಾರೆ. ಇನ್ನು ನನಗೆ ಬೇಕಿರುವುದು ಪ್ರತಿ ಸಬ್‌ಸೆಂಟರ್‌ಗೂ ಒಂದು ದೊಡ್ಡ ಪಟ್ಟಿ, ಜೊತೆಗೆ ಆ ಬಲ್ಬ್. ಎರಡಕ್ಕೂ ಇಂಡೆಂಟ್ ಮತ್ತೆ ಕಳಿಸಿದ್ದೇನೆ.